ಅಪ್ಪ ಕೈ ಎತ್ತಿದ ಸಂಜೆ

“ಬತ್ತಿ ಬಂದ್ ಮಾಡ್ರಿ! ಯಾರ ಮನೀ ಅದು? ವೈರಿ ವಿಮಾನಕ್ಕ ದಾರಿ ತೋರಸ್ತೀರೇನು?”

ಬೀದಿಯಲ್ಲಿ ಸೀಟಿ ಕೇಳಿದ್ದೇ ತಡ, ಅತ್ಯಾ ದೀಪ ಆರಿಸಿದರು. ವನಜಾ ಕಿವಿಗೊಟ್ಟಳು. ಸೀಟಿ ತಮ್ಮ ಮನೆಯ ಮುಂದೆಯೇ ನಿಂತಿತ್ತು.

ಅದು ಎಪ್ಪತ್ತೊಂದನೆಯ ಇಸವಿಯ ಡಿಸೆಂಬರ್. ಯುದ್ಧದ ಕಾಲ. ನಾಸಿಕ್ ಹತ್ತಿರದ ಓಝರ್‌ನ ವಿಮಾನ ಕಾರ್ಖಾನೆಯ ಕಾಲನಿಯಲ್ಲಿ ಕತ್ತಲಾದ ಮೇಲೆ ಒಂದು ಮಿಣುಕು ಬೆಳಕೂ ಹೊರಗೆ ಕಾಣಬಾರದು. ಅದಕ್ಕೇ ಅಪ್ಪ ಮೈದಾ ಹಿಟ್ಟಿನ ಅಂಟು ಕಾಯಿಸಿ ಕಿಟಕಿಯ ಗಾಜಿಗೆಲ್ಲ ಕಪ್ಪು ಕಾಗದ ಹಚ್ಚಿದ್ದರು.

ವನಜಾ ತಡಕಾಡುತ್ತ ಕಿಟಕಿಯ ಹತ್ತಿರ ಹೋದಳು. ಕೆಳಗಿನ ಗಾಜು ಬರಿದಾಗಿತ್ತು. ಮೂಲೆಯಿಂದ ಚಪ್ ಚಪ್ ಎಂದು ಸದ್ದು ಬರುತ್ತಿತ್ತು.

“ಏ ಭುಜ್ಯಾ! ಕಾಗದ ಹರದು ಅಂಟು ತಿನ್ನಾಕತ್ತೀಯೇನೋ?”

“ಸಪ್ಪಗ ಅದ. ಸಕ್ರಿ ಹಾಕಕ್ಕಾ,” ಅಂದ ನಾಲ್ಕು ವರ್ಷದ ತಮ್ಮ ಭುಜಂಗ.

ಬೇರೆ ದಿನವಾಗಿದ್ದರೆ ವನಜಾ ಹೊಟ್ಟೆ ಹಿಡಿದು ನಗುತ್ತಿದ್ದಳು. ಇವತ್ತು ಅಳುವೇ ಬಂತು. ಇವತ್ತೊಂದು ದಿನ ಇವನು ಸುಮ್ಮನಿರಬಾರದಿತ್ತೇ!

ಮಳೆಗಾಲದಲ್ಲಿ ಅವ್ವ ಜ್ವರ ಬಂದು ತೀರಿಕೊಂಡಿದ್ದಳು. ಅಂದಿನಿಂದ ಅತ್ಯಾ, ಅಂದರೆ ಅಪ್ಪನ ಅಕ್ಕ ಗಿರಿಜಮ್ಮ, ಸಣ್ಣವನನ್ನು ಧಾರವಾಡಕ್ಕೆ ಕರೆದೊಯ್ಯುತ್ತೇನೆ ಎನ್ನುತ್ತಲೇ ಇದ್ದರು. ಈಗ ಬಂದು ಕೂತಿದ್ದರು. ನಾಳೆ ಹೊರಡುವವರಿದ್ದರು. ಬೆಳಿಗ್ಗೆ ತಾನೇ ಅಪ್ಪ ಎದೆ ತಟ್ಟಿ ಹೇಳಿದ್ದರು:

“ನನ್ನ ಮಕ್ಕಳು ನನ್ನ ಹತ್ರನ ಇರ್ತಾವಕ್ಕಾ. ಒಂದು ದಿನಾನೂ ನಾ ಕೈ ಎತ್ತಿಲ್ಲ.”

ಅದು ನಿಜ. ನಮ್ಮಪ್ಪನಿಗೆ ಸಿಟ್ಟೇ ಬರುವುದಿಲ್ಲ ಎಂದು ವನಜಾ ಶಾಲೆಯಲ್ಲೆಲ್ಲ ಜಂಬ ಕೊಚ್ಚಿಕೊಂಡಿದ್ದಳು.

ಬಾಗಿಲಲ್ಲಿ ಪಹರೆಯ ವಿಶ್ವನಾಥಪ್ಪನ ದನಿ ಏರಿತು. “ಕಾರ್ಖಾನ್ಯಾಗ ದುಡಿಯೋ ನಿಮಗ ಇಷ್ಟು ತಿಳೀಬಾರದೇನ್ರಿ ಬಾಳಕೃಷ್ಣ? ನಿಮ್ಮ ಒಂದು ಮನೀ ಸಲುವಾಗಿ ಇಡೀ ಕಾಲನಿ ಸಾಯಬೇಕೇನು?”

“ತಪ್ಪಾತ್ರಿ. ಸಣ್ಣ ಹುಡುಗ...” ಅಪ್ಪನ ದನಿ ಸಣ್ಣಗಾಯಿತು. ಡಬಲ್ ಶಿಫ್ಟ್ ಮುಗಿಸಿ ಆಗಷ್ಟೇ ಬಂದಿದ್ದರು. ಇನ್ನೂ ಬೂಟು ಬಿಚ್ಚಿರಲಿಲ್ಲ. ಅಕ್ಕಪಕ್ಕದವರೆಲ್ಲ ಕತ್ತಲಲ್ಲಿ ನಿಂತು ಕೇಳುತ್ತಿದ್ದರು.

ಅಪ್ಪ ಒಳಗೆ ಬಂದರು. ಭುಜಂಗ ಖುಷಿಯಿಂದ ಕೇಳಿದ, “ಅಪ್ಪಾ, ಆ ಕಿಟಕೀದೂ ತಿನ್ನಲಿ?”

ಕತ್ತಲಲ್ಲಿ ವನಜಾಳಿಗೆ ಏನೂ ಕಾಣಲಿಲ್ಲ. ಏಟಿನ ಸದ್ದು ಮಾತ್ರ ಕೇಳಿತು.

ಭುಜಂಗನಿಗೆ ಉಸಿರು ಸಿಕ್ಕು ಅಳು ಬರಲು ಸ್ವಲ್ಪ ಹೊತ್ತೇ ಹಿಡಿಯಿತು. ಅಪ್ಪ ಹಿತ್ತಲಿಗೆ ಹೋಗಿಬಿಟ್ಟರು. ಅತ್ಯಾ ಅನ್ನದ ತಾಟು ವನಜಾಳ ಕೈಗಿಟ್ಟು, “ನೀ ಇವಂಗ ಉಣಿಸವಾ,” ಎಂದು ಅಪ್ಪನ ಹಿಂದೆ ನಡೆದರು.

ಅಪ್ಪನ ಮೇಲೆ ವನಜಾಳಿಗೆ ಕೆಂಡದಂಥ ಸಿಟ್ಟು. ಹೊಡೆಯುವುದು ಅಂದರೇನು, ತಾಯಿಯಿಲ್ಲದ ಕೂಸನ್ನು! “ಬಾ ಬಂಗಾರಾ, ಉಣ್ಣು,” ಎಂದು ರಮಿಸಿದಳು.

ಭುಜಂಗ ತಾಟು ಒದ್ದ. ಬೇಳೆಸಾರು ಅವಳ ಲಂಗದ ಮೇಲೆಲ್ಲ ಚೆಲ್ಲಿತು. ಬಾಯಿಗಿಟ್ಟ ತುತ್ತನ್ನು ಉಗುಳಿದ. ಮತ್ತೆ ಇಟ್ಟರೆ ಬೆರಳು ಕಚ್ಚಿದ. “ನೀ ಬ್ಯಾಡ! ಅವ್ವಾ ಬೇಕು!” ಎಂದು ಕಿರುಚಿದ. ಕಿರುಚುತ್ತಲೇ ಇದ್ದ.

ವನಜಾಳ ತಲೆಯಲ್ಲಿ ಏನೋ ಸಿಡಿದಂತಾಯಿತು. ಅವನ ತೊಡೆಯನ್ನು ಹಿಡಿದು ಜೋರಾಗಿ ಚಿವುಟಿದಳು.

ಅಳು ಥಟ್ಟನೆ ನಿಂತಿತು. ಅಕ್ಕನೂ ಹೀಗೆ ಮಾಡುತ್ತಾಳೆ ಎಂದು ಅವನು ಕನಸಲ್ಲೂ ಎಣಿಸಿರಲಿಲ್ಲ. ಅವಳೂ ಎಣಿಸಿರಲಿಲ್ಲ. ಒಂದು ತುತ್ತು ಉಣಿಸುವಷ್ಟರಲ್ಲಿ ತನಗೇ ಹೀಗಾಯಿತು. ಅಪ್ಪ ದಿನಾ ದುಡಿದು ಬಂದು ಇವನಿಗೆ ಉಣಿಸುತ್ತಿದ್ದರು, ತೊಳೆಯುತ್ತಿದ್ದರು, ಮಲಗಿಸುತ್ತಿದ್ದರು. ಅಪ್ಪನಿಗೆ ಸಿಟ್ಟು ಬರುತ್ತಲೇ ಇತ್ತು. ಅದನ್ನು ಅವರು ಇಷ್ಟು ದಿನ ನುಂಗಿಕೊಂಡಿದ್ದರು.

ಹಿತ್ತಲಿನಿಂದ ಮಾತು ಕೇಳಿತು.

“ನೀ ಕೆಟ್ಟಾಂವ ಅಲ್ಲೋ ಬಾಳ್ಯಾ. ಭಾಳ ದಣದೀ.”

“ಕರಕೊಂಡು ಹೋಗಕ್ಕಾ. ಇವತ್ತ ಹೊಡದ ಕೈ ನಾಳೆ ಸುಮ್ಮನಿರತದ ಅಂತ ಹ್ಯಾಂಗ ಹೇಳ್ಲಿ?” ಎಂದರು ಅಪ್ಪ.

ಬೇಡಿಕೊಳ್ಳಬೇಕೆಂದು ವನಜಾ ಎಷ್ಟೋ ಮಾತು ಹೊಂದಿಸಿಟ್ಟುಕೊಂಡಿದ್ದಳು. ನಾ ನೋಡ್ಕೋತೀನಿ, ನಾ ಶಾಲೀ ಬಿಡ್ತೀನಿ ಎಂದೆಲ್ಲ. ಈಗ ಅವನ್ನೆಲ್ಲ ಬಿಟ್ಟು, ತಮ್ಮನನ್ನು ಮಡಿಲಿಗೆಳೆದುಕೊಂಡು ಚಿವುಟಿದ ಜಾಗವನ್ನು ಸವರುತ್ತ ಕೂತಳು.

ಮರುದಿನ ಅಪ್ಪ ರಜೆ ಹಾಕಿದರು. ನಾಸಿಕ್ ರೋಡ್ ಸ್ಟೇಷನ್ನಿನಲ್ಲಿ ಭುಜಂಗನಿಗೆ ಕಿಟಕಿಯ ಸೀಟು ಸಿಕ್ಕಿತು. “ನಾ ರೈಲಿನ್ಯಾಗ ಹೋಗಾಂವ, ನೀ ಇಲ್ಲೇ!” ಎಂದು ಅಕ್ಕನನ್ನು ಅಣಕಿಸಿ ಕುಣಿದ. ಅಪ್ಪ ಕಂಬಿಯೊಳಗೆ ಕೈ ತೂರಿಸಿ ಅವನ ಕೆನ್ನೆ ಮುಟ್ಟಿದರು. ಗಾಡಿ ಹೊರಟ ಮೇಲೂ ಆ ಕೈ ಹಾಗೇ ಚಾಚಿಕೊಂಡಿತ್ತು.

ಇಬ್ಬರೂ ಓಝರ್‌ಗೆ ಮರಳುವ ಬಸ್ಸು ಹತ್ತಿದರು. ನಾಸಿಕ್ ದಾಟುವಷ್ಟರಲ್ಲಿ ಅಪ್ಪನ ಕಣ್ಣು ಮುಚ್ಚಿದವು. ತಲೆ ವಾಲಿ ವಾಲಿ ವನಜಾಳ ಹೆಗಲ ಮೇಲೆ ಬಿತ್ತು. ಕಲ್ಲಿನಂತೆ ಭಾರ. ಆದರೂ ಅವಳು ಅಲುಗಾಡಲಿಲ್ಲ.

“ಓಝರ್ ಆಲಂ! ಉತರಾ, ಉತರಾ!” ಊರು ಬಂತು, ಇಳಿಯಿರಿ ಎಂದು ಕಂಡಕ್ಟರ್ ಕೂಗಿದ.

ವನಜಾ ಅವಸರದಲ್ಲಿ ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು. ಮುಂದಿನ ಸ್ಟಾಪಿನಲ್ಲಿ ಇಳಿಯುತ್ತೇವೆ ಕಾಕಾ, ಎಂದು ಮರಾಠಿಯಲ್ಲಿ ಪಿಸುಗುಟ್ಟಿದಳು.

ಕಂಡಕ್ಟರ್ ಒಮ್ಮೆ ಅಪ್ಪನ ಮುಖ ನೋಡಿದ. ಮೆಲ್ಲಗೆ ಗಂಟೆಯ ಹಗ್ಗ ಎಳೆದ. ಕಾಲನಿಯ ಗೇಟು ಹಿಂದೆ ಸರಿಯಿತು. ಅಪ್ಪ ನಿದ್ದೆ ಮಾಡುತ್ತಲೇ ಇದ್ದರು.