ಫಿಲ್ಟರ್ ತೆಗೆಯದ ಮಧ್ಯಾಹ್ನ

ಖಾನಾಪುರದ ಬಸ್ಸಿಳಿದು ಬಂದ ಜೂನಿಯರ್ ಇಂಜಿನಿಯರ್ ನೇಮಿನಾಥ ಬೆಳಗಾವಿ ಕಚೇರಿಯ ಕಂಪ್ಯೂಟರ್ ಕೋಣೆಗೆ ಬೂಟುಗಾಲಲ್ಲೇ ನುಗ್ಗಿದ. ಸಾಹೇಬರೂ ಆ ಕೋಣೆಗೆ ಬರಿಗಾಲಲ್ಲಿ ಬರುತ್ತಿದ್ದ ಕಾಲವದು, ೧೯೮೭.

"ಬೂಟು ಹೊರಗ ಬಿಡ್ರಿ," ಎಂದಳು ಆಪರೇಟರ್ ಜಿನಮತಿ. ಸಿಟ್ಟಿನಲ್ಲಿ ಕೆಂಪಾದ ಅವನ ಮುಖವೂ ಚೆಂದ ಕಂಡಿತಲ್ಲ ಎಂದು ಅವಳಿಗೆ ತನ್ನ ಮೇಲೇ ರೇಗಿತು.

ನಿನ್ನೆಯ ಮೀಟಿಂಗಿಗೆ ಇಡೀ ಜಿಲ್ಲೆಯ ಕಾಮಗಾರಿಗಳ ಪಟ್ಟಿ ಹೋಗಬೇಕಿತ್ತು. ಹೋದದ್ದು ನೇಮಿನಾಥನ ಕೆಲಸಗಳಷ್ಟೇ: ಜಾಂಬೋಟಿಯ ಶಾಲೆಯ ಕೋಣೆ, ಲೋಂಡಾದ ಬಾವಿ, ಇನ್ನೊಂದೆರಡು. ಉಳಿದ ಇಂಜಿನಿಯರುಗಳು ಸುಮ್ಮನಿರುತ್ತಾರೆಯೇ? ತಮ್ಮ ಕೆಲಸಗಳನ್ನು ಇವನೇ ಅಳಿಸಿಹಾಕಿಸಿದ ಎಂದು ಹರಿಹಾಯ್ದರು. ಅವನನ್ನು ಎತ್ತಂಗಡಿ ಮಾಡುವ ಮಾತೂ ಎದ್ದಿತ್ತು.

ಅಳಿದದ್ದು ಒಂದೂ ಇಲ್ಲ. ಆ ಉದ್ದನೆಯ ಪಟ್ಟಿಗೆ ಒಬ್ಬರ ಹೆಸರಿನ ಫಿಲ್ಟರ್ ಹಾಕಿದರೆ ಅವರ ಕಾಮಗಾರಿಗಳಷ್ಟೇ ಕಾಣುತ್ತವೆ. ಫಿಲ್ಟರ್ ತೆಗೆಯುವ ತನಕ ಮಿಕ್ಕವು ಮರೆಯಲ್ಲಿರುತ್ತವೆ. ದೀಪಾವಳಿ ಕಳೆದ ಮೇಲೆ ನೇಮಿನಾಥ ತಾನು ಬರುವುದು ಬಿಟ್ಟು ಸಿಪಾಯಿಯ ಕೈಯಲ್ಲಿ ಪ್ರಗತಿ ವರದಿ ಕಳಿಸತೊಡಗಿದ್ದ. ಅಂದಿನಿಂದ ಜಿನಮತಿ ಊಟದ ಹೊತ್ತಿಗೆ ಅವನ ಹೆಸರು ಹಾಕಿ, ಅವನು ಯಾವ ಊರಲ್ಲಿರಬಹುದು ಎಂದು ನೋಡುತ್ತ ರೊಟ್ಟಿ ತಿನ್ನುತ್ತಿದ್ದಳು. ನಿನ್ನೆ ಗುರುಪಾದಪ್ಪ ಸಾಹೇಬರು ನಡುವೆಯೇ ಬಂದು ಪ್ರಿಂಟು ಬೇಕೆಂದು ಅವಸರ ಮಾಡಿದ್ದರು. ಗಡಿಬಿಡಿಯಲ್ಲಿ ಅವಳು ಫಿಲ್ಟರ್ ತೆಗೆದಿರಲಿಲ್ಲ.

ಯಂತ್ರ ಕೆಟ್ಟಿತ್ತು ಎಂದುಬಿಟ್ಟರೆ ಅವಳನ್ನು ಯಾರೂ ಪ್ರಶ್ನಿಸುತ್ತಿರಲಿಲ್ಲ. ಆದರೆ ಇವನ ಮೇಲಿನ ಕಳಂಕ ಹೋಗುತ್ತಿರಲಿಲ್ಲ.

"ನಿಮ್ಮ ಹೆಸರು ಹಾಕಿದಾಕಿ ನಾನ. ನಿಮ್ಮನ್ನ ನೋಡಾಕ ನನಗ ಬ್ಯಾರೆ ದಾರಿ ಎಲ್ಲಿತ್ತು?"

ನೇಮಿನಾಥನ ಸಿಟ್ಟು ತಡವರಿಸಿತು. "ನಿಮಗ ಗಂಡು ಗೊತ್ತಾತು ಅಂದ್ರು. ಅದಕ್ಕ ಬರೂದು ಬಿಟ್ಟೆ."

"ಬಂದಿತ್ತು. ಒಲ್ಲೆ ಅಂದೆ. ಮಂದಿ ಮಾತು ಕೇಳಿದ್ರಿ, ನನ್ನ ಕೇಳಲಿಲ್ಲ."

ಹೀಗಂದವಳೇ ಫಿಲ್ಟರ್ ತೆಗೆದು ಪೂರ್ತಿ ಪಟ್ಟಿ ಪ್ರಿಂಟು ಮಾಡಿ, ದಡದಡನೆ ಸಾಹೇಬರ ಕೋಣೆಗೆ ನಡೆದಳು. ಅವನು ಹಿಂದೆಯೇ ಓಡಿದ. ಅಲ್ಲಿ ಬೇರೆ ಇಂಜಿನಿಯರುಗಳೂ ಕುಳಿತಿದ್ದರು. ತಪ್ಪು ತನ್ನದೇ, ನೇಮಿನಾಥರಿಗೆ ಏನೂ ಗೊತ್ತಿರಲಿಲ್ಲ ಎಂದು ಜಿನಮತಿ ಹೇಳಿದಳು. ಇಷ್ಟು ಜನರಿರುವಾಗ ಅವನದೇ ಹೆಸರೇಕೆ ಎಂದು ಗುರುಪಾದಪ್ಪ ಗದರಿದರು.

"ಅವರ ಮ್ಯಾಲ ನನಗ ಮನಸ್ಸೈತ್ರಿ," ಎಂದಳು. ಅವಮಾನದಿಂದ ಕಣ್ಣು ಉರಿಯುತ್ತಿತ್ತು.

ನೇಮಿನಾಥ ಮುಂದೆ ಬಂದು ಅವಳ ಬಾಜು ನಿಂತ.

"ಮೆಮೊ ನೀವು ಕೊಡ್ರಿ, ಸಾಹೇಬ್ರ. ಲಗ್ನಪತ್ರಿಕಿ ನಾವು ಕೊಡ್ತೀವಿ." ಆಮೇಲೆ ಅವಳತ್ತ ತಿರುಗಿ ಮೆಲ್ಲಗೆ ಕೇಳಿದ, "ಹೌದಲ್ರಿ?"

ಇಷ್ಟು ತಿಂಗಳು ಕಾಯಿಸಿ, ಇಷ್ಟು ಮಂದಿಯ ಮುಂದೆ ಕೇಳುವ ಮಾತೇ ಇದು? ಜಿನಮತಿ ಅವನನ್ನು ಕೆಕ್ಕರಿಸಿ ನೋಡಿದಳು. ಸಿಟ್ಟು ಒಂದಿಷ್ಟೂ ಇಳಿದಿರಲಿಲ್ಲ.

"ಹೂಂ," ಎಂದಳು.