ಹತ್ತನೇ ತಾರೀಕು ಖಾಲಿ

"ನನ್ನ ತಾರೀಕು ಕದಿಯೋಕೆ ನಾಚಿಕೆ ಆಗಲಿಲ್ವಾ, ಡಾಕ್ಟರ್ ಸಾಹೇಬ್ರೇ?"

ಕೈರೋ ವಿಶ್ವವಿದ್ಯಾಲಯದ ಇತಿಹಾಸ ವಿಭಾಗದ ಪಡಸಾಲೆಯಲ್ಲಿ ರಾವಿಯಾ ಕೂಗಿದ ರಭಸಕ್ಕೆ ಸಹಪಾಠಿ ಶಿಹಾಬನ ಕೈಯ ಚಹಾ ತುಳುಕಿತು.

ಪಿಎಚ್‌ಡಿಯವರ ಸೆಮಿನಾರ್ ಪಟ್ಟಿ ಗೋಡೆಯ ಮೇಲಿತ್ತು. ಹತ್ತನೇ ತಾರೀಕು ಅವಳದು. ಈಗ ಅಲ್ಲಿ ಶಿಹಾಬನ ಚೀಟಿ! ಅವಳ ಹೆಸರು ಮೂರನೇ ತಾರೀಕಿಗೆ ಜಿಗಿದಿತ್ತು. ಇನ್ನು ನಾಲ್ಕೇ ದಿನ...

ಅವಳ ಐದು ವರ್ಷದ ಗಡುವು ಬರುವ ತಿಂಗಳಿಗೆ ಮುಗಿಯುತ್ತದೆ. ಸೆಮಿನಾರ್ ಕೆಟ್ಟರೆ ನೋಂದಣಿಯೇ ರದ್ದು.

ನಾಲ್ಕು ವರ್ಷ ಎದುರು ಮೇಜಿನಲ್ಲಿ ಕೂತು ಓದಿದವನು... ಇವನಾ?

"ಹನ್ನೊಂದು ಸಲ ಫೋನ್ ಮಾಡ್ದೆ ರಾವಿಯಾ."

"ಮಧ್ಯಾಹ್ನ ಹನ್ನೆರಡರವರೆಗೆ ಆಫ್! ನಾನು ಬರೆಯೋ ಹೊತ್ತು ಅಂತ ಊರಿಗೆಲ್ಲ ಗೊತ್ತು!"

ಕಚೇರಿಯ ಮದಾಮ್ ಇನ್ಶಿರಾಹ್ ಕಿಟಕಿಯಿಂದ ಇಣುಕಿದರು.

"ಕಿರುಚಬೇಡ ಮಗಳೇ! ನಿನ್ನ ಪ್ರೊಫೆಸರ್ ವಗ್ದಿ ಐದನೇ ತಾರೀಕಿಗೆ ಗಲ್ಫಿಗೆ ಹಾರ್ತಿದ್ದಾರೆ, ಎರಡು ವರ್ಷದ ನೌಕರಿ. ಹತ್ತಕ್ಕೆ ಗೋಡೆ ಮುಂದೆ ಭಾಷಣ ಮಾಡ್ತೀಯಾ? ಇವತ್ತು ಹನ್ನೆರಡು ಗಂಟೆಗೆ ಪಟ್ಟಿ ಡೀನ್ ಹತ್ರ ಹೋಗ್ಬೇಕು. ಅದಕ್ಕೇ ಈ ಹುಚ್ಚ ತನ್ನ ಮೂರನೇ ತಾರೀಕನ್ನ ನಿನಗೆ ಕೊಟ್ಟ!"

ರಾವಿಯಾ ಮತ್ತೆ ಪಟ್ಟಿ ನೋಡಿದಳು. ಶಿಹಾಬನಿಗೂ ವಗ್ದಿಯೇ ಮಾರ್ಗದರ್ಶಕ...

"ಮತ್ತೆ ನೀನು?"

"ಹೊಸಬರು ಸಿಗೋವರೆಗೆ ಕಾಯ್ತೀನಿ. ನನಗಿನ್ನೂ ಒಂದು ವರ್ಷ ಇದೆಯಲ್ಲ."

ಸಂತೋಷವಾಗಬೇಕಿತ್ತು. ಆದರೆ ಅವಳು ಉರಿದುಹೋದಳು. ವರ್ಷಗಟ್ಟಲೆ ದುಡಿಸಿಕೊಂಡವರು ಒಂದು ಮಾತೂ ಹೇಳದೆ ವಿಮಾನ ಹತ್ತುವುದು, ಇಲ್ಲಿ ವಿದ್ಯಾರ್ಥಿಗಳು ತಾರೀಕು ದಾನ ಮಾಡಿಕೊಳ್ಳುವುದು... ಇದ್ಯಾವ ನ್ಯಾಯ?

"ಬೇಡ ನಿನ್ನ ತ್ಯಾಗ. ಬಾ!"

ಅವನ ಅಂಗಿಯ ತೋಳು ಹಿಡಿದೆಳೆದುಕೊಂಡೇ ಪ್ರೊಫೆಸರರ ಕೋಣೆಗೆ ನುಗ್ಗಿದಳು.

"ಡಾಕ್ಟರ್, ಮೂರನೇ ತಾರೀಕು ಬೆಳಿಗ್ಗೆ ನಾನು, ಮಧ್ಯಾಹ್ನ ಇವನು. ಇಬ್ಬರಿಗೂ ಸಹಿ ಹಾಕಿ."

"ಪೆಟ್ಟಿಗೆ ಕಟ್ಟೋದಿದೆಯಮ್ಮಾ ನನಗೆ..."

"ಕಟ್ಟಿ. ಅದರಲ್ಲಿ ನಮ್ಮ ವರ್ಷಗಳನ್ನ ತುಂಬ್ಕೊಂಡು ಹೋಗ್ಬೇಡಿ!"

ವಗ್ದಿ ಅವಳ ಮುಖ ನೋಡಲಾರದೆ ಪೆನ್ನು ಹುಡುಕಿದರು.

ಪಡಸಾಲೆಗೆ ಮರಳಿ, ಮೂರನೇ ತಾರೀಕಿನಲ್ಲಿ ತನ್ನ ಹೆಸರಿನ ಕೆಳಗೆ, ಹತ್ತರಿಂದ ಕಿತ್ತ ಅವನ ಚೀಟಿ ಅಂಟಿಸಿದಳು.

"ಇನ್ನೊಂದ್ಸಲ ನನ್ನ ಕೇಳದೆ ನನ್ನ ಪ್ಲಾನ್ ಮುಟ್ಟಿದ್ರೆ..."

"ಕೇಳೋಕೆ ಫೋನ್ ಆನ್ ಇರ್ಬೇಕಲ್ಲ?"

ರಾವಿಯಾಳಿಗೆ ನಗು ಬಂತು, ಜೊತೆಗೆ ಕಣ್ಣೂ ತುಂಬಿತು.

ಶಿಹಾಬ್ ಗೋಡೆಯ ಪಟ್ಟಿಯತ್ತ ತಿರುಗಿದ. ಪೆನ್ಸಿಲ್ ತೆಗೆದ. ಏನೂ ಬರೆಯಲಿಲ್ಲ.

"ಹತ್ತನೇ ತಾರೀಕು ಈಗ ಖಾಲಿ... ಅವತ್ತು ಅಮ್ಮನ್ನ ಕರ್ಕೊಂಡು ನಿಮ್ಮನೆಗೆ ಬರಲಾ?"

ರಾವಿಯಾ ಚೀಲದಿಂದ ಫೋನ್ ತೆಗೆದಳು. ಹನ್ನೆರಡಾಗಲು ಇನ್ನೂ ಇಪ್ಪತ್ತು ನಿಮಿಷವಿತ್ತು. ಆನ್ ಮಾಡಿದಳು.

"ಹೊರಡೋ ಮುಂಚೆ ಫೋನ್ ಮಾಡು... ಎತ್ತುತ್ತೀನಿ."