ಚಾರ್ಜರ್ ಮೇಲಿನ ಟವೆಲ್

"ಯಾರ್ರೀ ಇದು, ಚಾರ್ಜರ್ ಮೇಲೆ ಟವೆಲ್ ಹಾಕಿರೋದು?"

ಯಶೋಧರಾ ಕೂಗಿದ ರಭಸಕ್ಕೆ ನಂಜನಗೂಡಿನ ಆ ಚಾರ್ಜಿಂಗ್ ಸ್ಟೇಷನ್ನಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವಳ ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಕಾರಿನಲ್ಲಿ ಉಳಿದಿದ್ದದ್ದು ನಾಲ್ಕೇ ಪರ್ಸೆಂಟ್! ತಿ. ನರಸೀಪುರದ ಮನೆ ಮುಟ್ಟುವುದು ಹೇಗೆ?

ಪಕ್ಕದ ಟೀ ಅಂಗಡಿಯಿಂದ ಒಬ್ಬ ಯುವಕ ಗ್ಲಾಸು ಹಿಡಿದುಕೊಂಡೇ ಓಡಿ ಬಂದ.

"ನಂದು ಕಣ್ರೀ! ಕಾರು ರೈಲ್ವೆ ಗೇಟಲ್ಲಿ ಸಿಕ್ಕಾಕ್ಕೊಂಡದೆ. ನಮ್ಮಣ್ಣ ತತ್ತಾವ್ನೆ."

"ಇದೇನು ಕೆಂಪು ಬಸ್ಸಾ? ಕಿಟಕೀಲಿ ಟವೆಲ್ ಎಸೆದು ಸೀಟು ಹಿಡಿಯೋಕೆ?"

"ಬಸ್ಸಲ್ಲಿ ನಡಿಯೋದು ಇಲ್ಯಾಕೆ ನಡಿಬಾರ್ದು?" ಎಂದು ನಕ್ಕವನ ಕಣ್ಣು ಅವಳ ಕಾರಿನ ಸ್ಕ್ರೀನಿನ ಮೇಲೆ ಬಿತ್ತು. ನಗು ನಿಂತಿತು. ತಾನೇ ಟವೆಲ್ ಎಳೆದುಕೊಂಡ. "ಮೊದ್ಲು ನೀವು ಹಾಕ್ಕೊಳಿ. ನಾಲ್ಕಕ್ಕೆ ಇಳಿದಾಗ ಎದೆ ಹೆಂಗೆ ಹೊಡ್ಕೊಳ್ಳುತ್ತೆ ಅಂತ ನಂಗೊತ್ತು..."

ಅವನು ನಂಜುಂಡೇಶ್. ಹುಲ್ಲಹಳ್ಳಿಯವನು, ಇಲ್ಲಿನ ಕೈಗಾರಿಕಾ ಪ್ರದೇಶದಲ್ಲಿ ಕೆಲಸ. ಬಿಡುವು ಸಿಕ್ಕರೆ ಸಾಕು, ಕಾರು ತೆಗೆದುಕೊಂಡು ದೂರ ದೂರ ಹೋಗುವ ಹುಚ್ಚು!

ಕಾರು ಚಾರ್ಜ್ ಆಗುವಷ್ಟರಲ್ಲಿ ಯಶೋಧರಾ ತನ್ನ ಆಸೆಯನ್ನು ಅವನೆದುರು ಹೇಳಿಬಿಟ್ಟಿದ್ದಳು. ಅವಳ ತಾಯಿ ಮುದ್ದಮ್ಮನಿಗೆ ನಾಗಪುರದ ದೀಕ್ಷಾಭೂಮಿ ನೋಡಬೇಕು. ಅಪ್ಪ ಕರೆದುಕೊಂಡು ಹೋಗುತ್ತೇನೆಂದು ಹೇಳುತ್ತಲೇ ತೀರಿಹೋಗಿದ್ದ. ಈಗ ಅವ್ವನಿಗೆ ಬೆನ್ನಿನ ಆಪರೇಷನ್ ಆಗಿದೆ. ಆಗಾಗ ಇಳಿದು ನಡೆದಾಡಬೇಕು, ಕಾಲು ಚಾಚಿ ಮಲಗಬೇಕು. ರೈಲು, ಬಸ್ಸು ಯಾವುದೂ ಆಗದು.

"ಅದಕ್ಕೆ ನಮ್ಮಂಥ ಎಲೆಕ್ಟ್ರಿಕ್ ಕಾರೇ ಸರಿ!" ನಂಜುಂಡೇಶನ ಕಣ್ಣುಗಳು ಹೊಳೆದವು. "ಹೆಂಗೂ ಚಾರ್ಜಿಗೆ ನಿಲ್ಲಿಸಲೇಬೇಕಲ್ಲ, ಅಷ್ಟೊತ್ತು ಅಮ್ಮ ರೆಸ್ಟ್ ತಗೋತಾರೆ. ಪ್ಲಾನ್ ನಾನು ಮಾಡ್ತೀನಿ!"

ಅವನ ಪ್ಲಾನೇ ಬೇರೆ ಥರ. ಆ್ಯಪಿನಲ್ಲಿ ಚಾರ್ಜರ್ ಖಾಲಿ ಇದೆ ಎಂದು ತೋರಿಸಿದರೆ ನಂಬುವವನಲ್ಲ. ಅದರ ಪಕ್ಕದ ಹೋಟೆಲಿನ ನಂಬರು ಹುಡುಕಿ ಫೋನ್ ಮಾಡುತ್ತಿದ್ದ. "ಅಣ್ಣಾ, ಒಸಿ ಆಚೆ ಬಂದು ನೋಡ್ತೀರಾ? ಆ ಮಿಷಿನ್ನಲ್ಲಿ ಲೈಟ್ ಉರೀತಾ ಇದ್ಯಾ?"

ಯಶೋಧರಾ ಬಿದ್ದು ಬಿದ್ದು ನಗುತ್ತಿದ್ದಳು. ಯಾವಾಗ ಆ ನಗು ಎದೆಗಿಳಿಯಿತೋ ಅವಳಿಗೇ ತಿಳಿಯಲಿಲ್ಲ...

ಮೊದಲು ಮಡಿಕೇರಿಗೆ ಒಂದು ಟ್ರಯಲ್ ಹೋಗಿಬರೋಣ ಎಂದುಕೊಂಡರು. ಹೊರಡುವಾಗ ನಂಜುಂಡೇಶ್ ತಾನು ಕೂರಲು ಅವಳ ಕಾರಿನ ಹಿಂದಿನ ಬಾಗಿಲು ತೆಗೆದರೆ ಮುದ್ದಮ್ಮ ಅಡ್ಡ ನಿಂತರು.

"ನೆಂಟ್ರನ್ನ ಇಂದೆ ಕೂರ್ಸದುಂಟಾ? ನೀನು ಮುಂದ್ಕೆ ಓಗಪ್ಪ."

ಎಷ್ಟು ಹೇಳಿದರೂ ಕೇಳದೆ ತಾವೇ ಹಿಂದೆ ಕೂತರು. ಪಕ್ಕದ ಕನ್ನಡಿಯಲ್ಲಿ ಅವನಿಗೆ ಏನು ಕಂಡಿತೋ, ಹುಣಸೂರು ದಾಟಿದ ಮೇಲೆ ಮಾತೇ ನಿಲ್ಲಿಸಿಬಿಟ್ಟ.

ಮರುದಿನ ಸಂಜೆ ಅವನ ಫೋನ್. "ನಾನು ನಾಗಪುರಕ್ಕೆ ಬರಲ್ಲ ಯಶೋಧರಾ. ನೀವಿಬ್ರೇ ಹೋಗ್ಬನ್ನಿ."

"ರಜೆ ಸಿಗ್ಲಿಲ್ವಾ?"

"ಸಿಕ್ಕಿದೆ."

"ಮತ್ತೆ?... ಒಂದು ಹೆಣ್ಣಿನ ಜೊತೆ ಅಷ್ಟು ದೂರ ಹೋದ್ರೆ ಜನ ಏನಂತಾರೋ ಅಂತ ಹೆದರಿಕೊಂಡ್ರಾ?"



"ಹಂಗೇ ಅನ್ಕೊಳಿ..."

ಅವಳು ಫೋನ್ ಕಟ್ ಮಾಡಿದಳು. ಇಷ್ಟೇನಾ? ಇಷ್ಟೇನಾ ಇವನು!

ಹಟಕ್ಕೆ ಬಿದ್ದು ಅವಳೇ ಹೊರಟಳು. ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ ಬಗ್ಗಿಸಿ ಅವ್ವನನ್ನು ಮಲಗಿಸಿದಳು. ಮೊದಲ ದಿನ ಎಲ್ಲವೂ ಸರಾಗ. ಹಿರಿಯೂರಿನಲ್ಲಿ ಚಾರ್ಜರ್ ಖಾಲಿ ಇತ್ತು. ಹೋಟೆಲಿನವರು ತಾವಾಗಿಯೇ ಅವ್ವನಿಗೆ ಮಂಚ ತೋರಿಸಿದರು. ಒಳ್ಳೆಯ ಜನ ಎಂದುಕೊಂಡಳು.

ಎರಡನೇ ದಿನ ವಿಜಯಪುರ ಇನ್ನೂ ದೂರವಿರುವಾಗಲೇ ಎದುರುಗಾಳಿ ಶುರುವಾಯಿತು. ಚಾರ್ಜು ಕಣ್ಣೆದುರೇ ಕರಗತೊಡಗಿತು. ಎ.ಸಿ. ಆರಿಸಿದಳು. ಅವ್ವ ಬೆವರುತ್ತಾ ನರಳುತ್ತಿದ್ದರು. ತೆವಳಿಕೊಂಡು ವಿಜಯಪುರದ ಚಾರ್ಜಿಂಗ್ ಸ್ಟೇಷನ್ ಮುಟ್ಟಿದರೆ ಮುಂದೆ ಆಗಲೇ ಮೂರು ಕಾರುಗಳ ಸಾಲು!

ಅಭಿಮಾನ ಬದಿಗಿಟ್ಟು ಅವನಿಗೇ ಫೋನ್ ಮಾಡಿದಳು.

'ನೀವು ಕರೆ ಮಾಡಿದ ಚಂದಾದಾರರು ಬೇರೊಂದು ಕರೆಯಲ್ಲಿ ನಿರತರಾಗಿದ್ದಾರೆ...'

ಮತ್ತೆ ಮಾಡಿದಳು. ನಿರತ. ಮತ್ತೆ. ನಿರತ!

ಸ್ಟೇರಿಂಗಿಗೆ ಹಣೆಯಿಟ್ಟು ಅತ್ತುಬಿಟ್ಟಳು. 'ಅವ್ವಂಗೆ ಏನಾದ್ರೂ ಆದ್ರೆ? ಈ ಗೊತ್ತಿಲ್ದ ಊರಲ್ಲಿ ಯಾರನ್ನ ಕೇಳ್ಲಿ?'

ಯಾರೋ ಗಾಜು ತಟ್ಟಿದರು. ಪಕ್ಕದ ಖಾನಾವಳಿಯ ಹೆಂಗಸು.

"ನಂಜನಗೂಡ ಕಡಿಯಿಂದ ಬರೋ ಗಾಡಿ ನಿಮ್ದೇ ಏನ್ರೀ? ಎಷ್ಟೊತ್ತಾತು ಕಾಯಾಕತ್ತಿ! ಆ ಮೂಲಿ ಚಾರ್ಜರ್ ನಿಮ್ದ ನೋಡ್ರಿ."

ಯಶೋಧರಾ ತಲೆಯೆತ್ತಿದಳು. ಮೂಲೆಯ ಚಾರ್ಜರ್ ಮೇಲೆ... ಒಂದು ಟವೆಲ್!

"ಅಂವ ಮುಂಜಾನಿಂದ ಫೋನ್ ಮಾಡಿ ಮಾಡಿ ತಲಿ ತಿಂದಾನ್ರೀ! 'ಅಕ್ಕಾ, ಮಿಷಿನ್ ಮ್ಯಾಲ ಟವೆಲ್ ಹಾಕು, ತಾಯಿಗೆ ಹೊರಸು ಹಾಕು' ಅಂತ. ಈ ಕಾರಿನವ್ರೆಲ್ಲಾ ನನ್ ಕೂಡ ಜಗಳಾ ತೆಗೆದ್ರು. ನಾ ಬಿಡ್ಲಿಲ್ಲ! ಹಿರಿಯೂರಾಗೂ ಹಿಂಗ ಹೇಳಿಟ್ಟಿದ್ನಂತ."

ಅವನು ನಿರತನಾಗಿದ್ದದ್ದು... ತನ್ನ ದಾರಿಯ ಮೇಲೆಯೇ!

"ಮತ್ಯಾಕವ್ವಾ ಬರಲ್ಲ ಅಂದ?"

ಖಾನಾವಳಿಯ ಹಗ್ಗದ ಮಂಚದ ಮೇಲೆ ಕಾಲು ಚಾಚಿದ ಮುದ್ದಮ್ಮ ಅವಳ ಕೈ ಹಿಡಿದುಕೊಂಡರು.

"ಮಡಿಕೇರಿ ದಾರೀಲಿ ಇಂದಿನ ಸೀಟಲ್ಲಿ ನೋವು ತಡೀನಾರ್ದೆ ಸೆರಗು ಕಚ್ಕೊಂಡಿದ್ದೆ ಕಣವ್ವ. ಆ ಉಡ್ಗ ಕನ್ನಡೀಲಿ ನೋಡ್ಬುಟ್ಟಿದ್ದ. ಅವ್ನು ಬಂದ್ರೆ ಮುಂದಿನ ಸೀಟು ಅವ್ನಿಗೇ ಬುಡ್ತೀನಿ ಅಂತ ಗೊತ್ತಾಗೋಯ್ತು ಅವ್ನಿಗೆ. ನನ್ನಿಂದ ಅಂತ ನಿಂಗೆ ಯೋಳಕ್ಕೂ ಆಗ್ದೆ..."

ಯಶೋಧರಾ ಮತ್ತೆ ನಂಬರ್ ಒತ್ತಿದಳು. ಆಗಲೂ ನಿರತ! ಮುಂದಿನ ಊರಿಗೆ ಮಾತಾಡುತ್ತಿದ್ದನೇನೋ. ಒಂದು ಮೆಸೇಜ್ ಬರೆದಳು, ಅಳಿಸಿದಳು. ಫೋನಿನಲ್ಲಿ ಮುಗಿಯುವ ಮಾತೇ ಇದು?

ದೀಕ್ಷಾಭೂಮಿಯ ಬಿಳಿ ಗುಮ್ಮಟದೆದುರು ಅವ್ವ ಕೈ ಮುಗಿದು ನಿಂತಾಗ ಇಬ್ಬರ ಕಣ್ಣಲ್ಲೂ ನೀರು. "ನಿಮ್ಮಪ್ಪಂದೂ ಸೇರಿಸಿ ಕೈ ಮುಗ್ದಿವ್ನಿ," ಎಂದರು ಮುದ್ದಮ್ಮ.

ಊರಿಗೆ ಮರಳಿ ಅವ್ವನನ್ನು ಮನೆಯಲ್ಲಿಳಿಸಿದವಳೇ ಯಶೋಧರಾ ನೇರ ನಂಜನಗೂಡಿಗೆ ಬಂದಳು. ಅವಳು ಚಾರ್ಜಿಗೆ ಅಲ್ಲಿಗೇ ಬರುತ್ತಾಳೆಂದು ಅವನಿಗೂ ಗೊತ್ತಿತ್ತು. ಟವೆಲ್ ಹಾಕಿದ ಚಾರ್ಜರಿನ ಪಕ್ಕದಲ್ಲಿ ತಪ್ಪು ಮಾಡಿದವನಂತೆ ನಿಂತಿದ್ದ.

"ಎಷ್ಟದೆ?" ಎಂದ ಮೆಲ್ಲಗೆ.

"ಚಾರ್ಜು ಆಮೇಲೆ. ಸುಳ್ಳು ಯಾಕೆ ಹೇಳಿದ್ರಿ?"

"ನಿಜ ಹೇಳಿದ್ರೆ ಅಮ್ಮ ಹೊರಡ್ತಾನೇ ಇರ್ಲಿಲ್ಲ..."

"ನಾನು ನಿಮ್ಮನ್ನ ಎಷ್ಟು ಬೈಕೊಂಡೆ ಗೊತ್ತಾ? ಎಷ್ಟು ಅತ್ತೆ ಗೊತ್ತಾ?"

"ಬೈಕೊಂಡಿದ್ದು ಗೊತ್ತು. ಅತ್ತಿದ್ದನ್ನ ವಿಜಯಪುರದ ಅಕ್ಕ ಹೇಳಿದ್ರು. ಇಲ್ಲಿಂದ ಏನೂ ಮಾಡಕ್ಕಾಗ್ದೆ ನಾನೂ..."

ಅವಳು ಚಾರ್ಜರ್ ಮೇಲಿನ ಟವೆಲ್ ತೆಗೆದುಕೊಂಡು ಕಾರಿನ ಮುಂದಿನ ಬಾಗಿಲು ತೆರೆದಳು.

"ಮುಂದಿನ ಟ್ರಿಪ್‌ಗೆ ಒಂದು ಸೀಟು ಹಿಡೀತಿದೀನಿ. ಬರ್ತೀರಾ?"

"ಅಮ್ಮ ಮತ್ತೆ ಹಿಂದೆ ಕೂತ್ಕೋತಾರಲ್ರೀ..."

"ಅವ್ವನ್ನ ಕೇಳ್ಕೊಂಡೇ ಬಂದಿದೀನಿ." ಅವಳ ಕೆನ್ನೆ ಕೆಂಪಾಯಿತು. "ನೆಂಟ್ರನ್ನ ಹಿಂದೆ ಕೂರಿಸಬಾರ್ದಂತೆ. ಮನೆಯವ್ರಾದ್ರೆ ಪರವಾಗಿಲ್ವಂತೆ."

ನಂಜುಂಡೇಶ್ ಅವಳ ಕೈಯಿಂದ ಮೆಲ್ಲಗೆ ಟವೆಲ್ ತೆಗೆದುಕೊಂಡ.

"ಹಂಗಾದ್ರೆ ಮುಂದಿಂದು ಅಮ್ಮಂಗೇ ಇರ್ಲಿ," ಎಂದು ಹಿಂದಿನ ಸೀಟಿನ ಮೇಲೆ ಅದನ್ನು ಹರಡಿದ.